ಜಾಗ ಬದಲಿಸಿದ ಕಾಯಿಲ್

ಪಿಕಪ್ ಗಾಡಿ ಏರಿನಲ್ಲಿ ಮುಗ್ಗರಿಸಿದಾಗಲೆಲ್ಲ ಮೂರನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲ್ ತನ್ನ ಕೆಳಗಿನ ಸ್ಪಾರ್ಕ್ ಪ್ಲಗ್ಗನ್ನು ಬೈಯುತ್ತಿತ್ತು. "ನಾನು ಕರೆಂಟು ಸುರಿಯುತ್ತೇನೆ, ನೀನು ಕಿಡಿ ಹಾರಿಸದೆ ತೂಕಡಿಸುತ್ತೀಯಾ, ಸೋಮಾರಿ!"

"ಕರೆಂಟು ಬಂದರೆ ತಾನೆ ಹಾರಿಸುವುದು, ಅಣ್ಣಾ?" ಎಂದಿತು ಪ್ಲಗ್. ಆದರೂ ಮೆಕ್ಯಾನಿಕ್ ದಸ್ತಗೀರ್ ಬಾನೆಟ್ ತೆರೆದಾಗ, ಇವತ್ತು ತನ್ನನ್ನು ಎಸೆದೇ ಬಿಡುತ್ತಾನೆಂದು ಅದು ಹೆದರಿತು.

ದಸ್ತಗೀರ್ ಪ್ಲಗ್ಗನ್ನು ಮುಟ್ಟಲಿಲ್ಲ. ಮೂರನೆಯ ಕಾಯಿಲನ್ನು ಒಂದನೆಯದರ ಜಾಗಕ್ಕೂ ಒಂದನೆಯದನ್ನು ಇಲ್ಲಿಗೂ ಬದಲಿಸಿ ಎಂಜಿನ್ ಶುರುಮಾಡಿದ. ಪ್ಲಗ್ ಕಣ್ಣು ಮುಚ್ಚಿಕೊಂಡೇ ಕಿಡಿ ಹಾರಿಸಿತು. ಹಾರಿಯೇ ಹಾರಿತು! ಮುಗ್ಗರಿಕೆ ಈಗ ಒಂದನೆಯ ಸಿಲಿಂಡರಿಗೆ ಹೋಗಿತ್ತು.

"ಅಯ್ಯೋ, ಇಲ್ಲಿಯ ಪ್ಲಗ್ಗೂ ಸೋಮಾರಿಯೇ!" ಎಂದು ಕಾಯಿಲ್ ಅಲ್ಲಿಂದ ಕೂಗಿತು.

ದಸ್ತಗೀರ್ ಹೊಸ ಕಾಯಿಲ್ ಕೂರಿಸಿ, ಹಳೆಯದನ್ನು ಗುಜರಿ ಡಬ್ಬಿಗೆ ಹಾಕಿದ. ಅದು ಪಕ್ಕದ ತುಕ್ಕು ನಟ್ಟನ್ನು ಕೆಕ್ಕರಿಸಿ ನೋಡಿತು.

"ಥೂ, ಇನ್ನು ನಿನ್ನನ್ನು ಕಟ್ಟಿಕೊಂಡು ನಾನು ಗಾಡಿ ಓಡಿಸಬೇಕಲ್ಲ!"