ಸೌಟಿನ ತೀರ್ಪು

ದಪ್ಪ ದನಿಯನ್ನು ದೊಡ್ಡ ಸ್ಪೀಕರಿಗೂ ಸಣ್ಣ ದನಿಯನ್ನು ಚಿಕ್ಕ ಸ್ಪೀಕರಿಗೂ ಹಂಚುವ ಪೆಟ್ಟಿಗೆಯೇ ಕ್ರಾಸ್‌ಓವರ್. ಕಂಟ್ರಾಕ್ಟರ್ ವೀರಭದ್ರಯ್ಯನವರ ಮನೆಯ ಸ್ಟೀರಿಯೋ ರ‍್ಯಾಕಿಗೆಂದು ಮೈಕ್‌ಸೆಟ್ ಚೆಲುವಯ್ಯ ಎರಡು ತಂದ. ಒಂದು ಮೈದಾನದ ಭಾರಿ ಸ್ಪೀಕರುಗಳಿಗೆ ಮಾಡಿದ ದುಬಾರಿಯದು, ಇನ್ನೊಂದು ಮನೆಯ ಸ್ಪೀಕರುಗಳಿಗೆ ಹೊಂದುವ ಅಗ್ಗದ್ದು.

“ಅಗ್ಗದ್ದೇ ಚೆನ್ನ ಅನ್ನೋದಾದರೆ ಎರಡನ್ನೂ ಹೊತ್ತುಕೊಂಡು ಹೊರಡು,” ಎಂದರು ವೀರಭದ್ರಯ್ಯ, ದುಬಾರಿಯದರ ಮೇಲೆ ಕೈಯಿಟ್ಟು.

“ನಾನೇನೂ ಅನ್ನೋದಿಲ್ಲ ಸ್ವಾಮಿ. ಅಡುಗೆಮನೆ ಕಡೆ ಕಿವಿಗೊಡಿ,” ಎಂದು ಚೆಲುವಯ್ಯ ಅಗ್ಗದ್ದರಲ್ಲಿ ಸಂಗೀತ ಕಛೇರಿಯೊಂದನ್ನು ಹಾಕಿದ. ಒಳಗೆ ಯಜಮಾನಿಯ ಸೌಟು ಪಾತ್ರೆಯ ಅಂಚಿಗೆ ತಾಳ ಹಾಕತೊಡಗಿತು. ದುಬಾರಿಯದಕ್ಕೆ ಬದಲಿಸಿದ. ಸೌಟು ನಿಂತಿತು.

ವೀರಭದ್ರಯ್ಯನವರು ಕುತೂಹಲ ತಡೆಯಲಾರದೆ ಒಳಗೆ ಇಣುಕಿದರು. “ಯಾಕೇ ನಿಲ್ಲಿಸಿದೆ?”

“ಮೃದಂಗದವನು ಎದ್ದು ಹೋದನಲ್ಲ, ನಾನೊಬ್ಬಳೇ ತಾಳ ಹಾಕಲೇ?”

ಹೊರಬಂದವರು ಅಗ್ಗದ್ದರ ಬೆಲೆಚೀಟಿ ಕಿತ್ತು ಜೇಬಿಗೆ ಇಳಿಸಿಕೊಂಡು, “ಇದನ್ನೇ ಕೂರಿಸು,” ಎಂದರು.