ಜಂಬಣ್ಣ ಕಟ್ಟಿದ ನಾಯಕನ ವೇಷ

ಒಬ್ಬಳು ತಾಯಿ, ಹುಲಿಗೆವ್ವ. ಅವಳಿಗೆ ಒಬ್ಬನೇ ಮಗ, ಜಂಬಣ್ಣ. ಅವಳು ಸುಸ್ತಾಗಲು ಅಷ್ಟು ಸಾಕಿತ್ತು.

ಊರೂರು ತಿರುಗಿ ಹಗಲುವೇಷ ಕಟ್ಟುವ ಮನೆತನ. ಗಂಡ ಇದ್ದಾಗ ಬೊಬ್ಬೆಗುಡ್ಡದ ನಾಯಕನ ವೇಷ ಕಟ್ಟುತ್ತಿದ್ದ. ಆ ನಾಯಕ ಹಿಂದಿನ ಕಾಲದ ಪಾಳೇಗಾರ. ಮನೆಯಲ್ಲಿ ಗುಡುಗುತ್ತಿದ್ದ, ಯುದ್ಧ ಬಂದರೆ ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಇಳಿದು ಅಡಗುತ್ತಿದ್ದ. ಅವನನ್ನು ಅಣಕಿಸಿದರೆ ಜನ ನಕ್ಕು ಜೋಳ ಕೊಡುತ್ತಿದ್ದರು. ಗಂಡ ಸತ್ತ. ಕಿರೀಟ ಮಗನ ತಲೆಗೆ ಬಂತು.

“ಯವ್ವಾ, ನಾಯಕ ಅಂದರೆ ಏನು ಮಾಡಬೇಕು?”

“ಗತ್ತಿನಿಂದ ಕೂತುಕೋ. ಯಾರು ಬಂದರೂ ಏಳಬೇಡ.”

ಮೊದಲನೇ ಊರು. ಕಟ್ಟೆಯ ಮೇಲೆ ಕೂತ. ಪೂಜಾರಿ ಬಂದ, ಏಳಲಿಲ್ಲ. ಜನ ನಕ್ಕರು. ಹಗ್ಗ ಹರಿದ ಹೋರಿ ಬಂತು. ಜನ ಓಡಿದರು. ಇವನು ಏಳಲಿಲ್ಲ. ಹೋರಿಯೇ ಎಬ್ಬಿಸಿತು.

ಬೆನ್ನಿಗೆ ಅರಿಶಿನ ಹಚ್ಚುತ್ತಾ ತಾಯಿ ಬೈದಳು. “ಲೇ ಮಂಕೇ! ಎದುರಿಗೆ ಬರೋದು ಕಂಡರೆ ಎದ್ದು ಓಡಬೇಕಲ್ಲೇನೋ! ಆ ನಾಯಕನೂ ಓಡಿದವನೇ!”

“ಹಂಗೇ ಆಗಲಿ ಯವ್ವಾ.”

ಎರಡನೇ ಊರು. ಸೀಮೆಗೆಲ್ಲ ದೊಡ್ಡವರಾದ ಬಸಲಿಂಗಗೌಡರು ಮೊರದ ತುಂಬ ಜೋಳ ಹಿಡಿದು ಎದುರಿಗೆ ಬಂದರು. ಜಂಬಣ್ಣ ಓಡಿದ.

“ಲೇ, ಜೋಳ ಕೊಡೋಕೆ ಬಂದೀನಿ!”

ಇನ್ನೂ ಜೋರಾಗಿ ಓಡಿದ. ಗೌಡರು ಎಡವಿದರು. ಜೋಳ ಕೋಳಿಗಳ ಪಾಲಾಯಿತು.

ಗೌಡರು ಹುಲಿಗೆವ್ವನನ್ನು ಕರೆಸಿದರು. “ತಂಗಿ, ನಿನ್ನ ಗಂಡನ ಮುಖ ನೋಡಿ ಸುಮ್ಮನಿದೀನಿ. ಸೋಮವಾರ ಇಲ್ಲೇ ಇನ್ನೊಂದು ಸಲ ಆಡಲಿ. ಊರು ನಗದಿದ್ದರೆ ಈ ಸೀಮೆಯಲ್ಲಿ ವೇಷ ಕಟ್ಟೋ ಹಕ್ಕು ಬೇರೆ ವೇಷಗಾರರಿಗೆ.”

ಸೀಮೆ ಹೋದರೆ ಊಟವೂ ಹೋದಂತೆ. ಹುಲಿಗೆವ್ವ ಮಗನನ್ನು ಎದುರಿಗೆ ಕೂರಿಸಿಕೊಂಡಳು.

“ಓಡಬೇಡ ಮಾರಾಯ. ಇರೋನು ನೀನೊಬ್ಬನೇ, ನಾಯಕ, ಮಂತ್ರಿ ಎರಡೂ ನೀನೇ ಆಗು. ಮೀಸೆ ಅಂಟಿಸಿದರೆ ನಾಯಕ, ಕಿತ್ತರೆ ಮಂತ್ರಿ. ನಾಯಕ ಏನು ಅಪ್ಪಣೆ ಕೊಟ್ಟರೂ ಮಂತ್ರಿ ಮಾಡಬೇಕು. ತಿಳೀತೇನೋ?”

“ತಿಳೀತು ಯವ್ವಾ.”

ಅವನು ಹಾಗೆಂದಾಗಲೇ ಅವಳಿಗೆ ಹೆಚ್ಚು ಭಯ.

ಸೋಮವಾರ. ಜಂಬಣ್ಣ ಮೀಸೆ ಅಂಟಿಸಿದ. “ಮಂತ್ರೀ! ವೈರಿ ಬಂದ! ಹಗೇವು ತೆಗೆ!”

ಮೀಸೆ ಕಿತ್ತ. “ಹಗೇವಿಗೆ ನೀರು ನುಗ್ಗಿದೆ ಬುದ್ಧೀ.”

ಮೀಸೆ ಅಂಟಿಸಿದ. “ಹಾಗಾದರೆ ನನ್ನ ಶೌರ್ಯ ಎಲ್ಲಿ ಬಚ್ಚಿಡಲಿ? ನಾಲಾಯಕ್! ನನ್ನ ಸೀಮೆ ಬಿಟ್ಟು ತೊಲಗು!”

ಊರು ಬಿದ್ದು ಬಿದ್ದು ನಕ್ಕಿತು. ಗೌಡರು ಕಣ್ಣೊರೆಸಿಕೊಂಡರು. “ಸೀಮೆ ನಿಮ್ಮದೇ ತಂಗಿ!”

ಅಷ್ಟರಲ್ಲಿ ಜಂಬಣ್ಣ ಮೀಸೆ ಕಿತ್ತು, “ಅಪ್ಪಣೆ ಬುದ್ಧೀ” ಅಂದ. ಹೊರಟೇಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಅವನು ತಿರುಗಿ ನೋಡಲಿಲ್ಲ.

ಸೀಮೆ ಮುಗಿಯುವಲ್ಲಿ ಒಂದು ಹಳ್ಳ. ತಾಯಿ ಮಂಡಿ ಹಿಡಿದುಕೊಂಡು ಅಲ್ಲಿಯವರೆಗೆ ಬಂದಳು. ಮಗ ಆಚೆ ದಂಡೆಯಲ್ಲಿ ಕೂತಿದ್ದ.

“ಬಾರೋ, ಸೀಮೆ ಉಳೀತು!”

“ಬರೋಹಂಗಿಲ್ಲ ಯವ್ವಾ. ನಾಯಕರು ಹೊರಗೆ ಹಾಕಿದಾರೆ.”

“ನಾಯಕ ನೀನೇ ಅಲ್ಲೇನೋ!”

“ಈಗ ಮಂತ್ರಿ. ಮೀಸೆ ಎಲ್ಲಿದೆ ನೋಡು.”

ಅವಳಿಗೆ ಬೈಯುವ ತ್ರಾಣವೂ ಇರಲಿಲ್ಲ. “ಸರಿಯಪ್ಪಾ. ಮೀಸೆ ಅಂಟಿಸಿಕೋ. ಮಂತ್ರಿಯನ್ನು ಮುಂದೆ ನಿಲ್ಲಿಸಿಕೊಂಡು ‘ಮಾಫಿ ಮಾಡಿದೀನಿ’ ಅನ್ನು. ಊಟಕ್ಕೆ ಬಾ.”

ಜಂಬಣ್ಣ ಮೀಸೆ ಅಂಟಿಸಿದ. ಎದೆ ಉಬ್ಬಿಸಿದ. ಮುಂದೆ ನೋಡಿದ, ಹಿಂದೆ ನೋಡಿದ, ಬಂಡೆಯ ಮರೆಯಲ್ಲೂ ನೋಡಿದ.

“ಯವ್ವಾ, ಮಂತ್ರಿ ಇಲ್ಲ! ಇಷ್ಟೊತ್ತು ಇಲ್ಲೇ ಕೂತಿದ್ದ!”

ಅಂದವನೇ ಗುಡ್ಡ ಹತ್ತಿದ. ತಾಯಿ ದಂಡೆಯ ಮೇಲೆ ಕುಸಿದು ಕೂತಳು. ಗುಡ್ಡದ ಆಚೆಯಿಂದ ಕೂಗು ಕೇಳುತ್ತಲೇ ಇತ್ತು.

“ಮಂತ್ರೀ! ಮಾಫಿ ಆಗಿದೆ, ಬಾರೋ!”