ಚಿಸೋಮೊಳನ್ನು ಕರೆದ ದಿನ

ಯೆಶಾಯ ಅಯ್ಯನವರು ಯೌವನದಲ್ಲೇ ಕರಾವಳಿ ಬಿಟ್ಟು ಆಫ್ರಿಕಕ್ಕೆ ಹೋದವರು. ಸಮುದ್ರದಷ್ಟು ದೊಡ್ಡದಾದ ಒಂದು ಸರೋವರದ ದಡದಲ್ಲಿ ಹುಲ್ಲು ಹೊದಿಸಿದ ಪ್ರಾರ್ಥನಾ ಮಂದಿರ ಕಟ್ಟಿಕೊಂಡು, ಮೀನುಗಾರರ ಮಕ್ಕಳಿಗೆ ಅಕ್ಷರ ಕಲಿಸುತ್ತ ಅಲ್ಲೇ ಮುದುಕರಾದರು.

ಕರಾವಳಿಯ ಕ್ರೈಸ್ತ ಸಭೆಯಿಂದ ಆಗೊಮ್ಮೆ ಈಗೊಮ್ಮೆ ಯುವಕ ಯುವತಿಯರು ಅವರ ಬಳಿಗೆ ಬರುತ್ತಿದ್ದರು. ಕೆಲವು ವಾರ ಮಕ್ಕಳಿಗೆ ಕಲಿಸಿ, ಅಯ್ಯನವರಿಂದ ತಾವೂ ಒಂದಿಷ್ಟು ಕಲಿತು ಹಿಂದಿರುಗುತ್ತಿದ್ದರು.

ಒಂದು ವರ್ಷ ಮೂಲ್ಕಿಯಿಂದ ಪ್ರಮೋದಿನಿ ಬಂದಳು. ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಮೂಲ್ಕಿಯ ಸಂಡೆ ಸ್ಕೂಲಿನ ಮಕ್ಕಳು ಅವಳ ಕಥೆ ಅಂದರೆ ಊಟ ಬಿಡುತ್ತಿದ್ದರು.

ಬಂದ ದಿನವೇ ಅವಳು ಅಯ್ಯನವರನ್ನು ಕೇಳಿದಳು, ಯಾವ ಪಾಠದಿಂದ ಶುರು ಮಾಡಲಿ ಎಂದು.

"ಮೊದಲು ಮಕ್ಕಳ ಮನೆಗಳಿಗೆ ಹೋಗಿ ಕೂತು ಬಾ" ಎಂದರು ಅಯ್ಯನವರು.

"ಎಲ್ಲರ ಮನೆಗೂ ಹೋದರೆ ಒಂದು ವಾರ ಅದಕ್ಕೇ ಆಗುತ್ತೆ ಅಯ್ಯನವರೇ. ನಾನಿರೋದೇ ಮೂರು ವಾರ."

"ಹೌದು" ಎಂದರು ಅಯ್ಯನವರು.

ಮರುದಿನ ಬೆಳಿಗ್ಗೆಯೇ ಅವಳು ಪಾಠ ಶುರು ಮಾಡಿದಳು.

ಮಕ್ಕಳಿಗೆ ಅವಳು ಬಹಳ ಬೇಗ ಹಿಡಿಸಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಎಸ್ನಾತಿ ಎಂಬ ದೊಡ್ಡ ಹುಡುಗಿ ಅಲ್ಲಿಯವರ ಮಾತಿಗೆ ತಿರುಗಿಸುತ್ತಿದ್ದಳು. ಎಸ್ನಾತಿ ಎಂದೂ ನಗುತ್ತಿರಲಿಲ್ಲ. ಅದು ಅವಳ ಸ್ವಭಾವವಿರಬೇಕು ಎಂದುಕೊಂಡಳು ಪ್ರಮೋದಿನಿ.

ಎರಡನೆಯ ವಾರದಲ್ಲಿ ಅಯ್ಯನವರು ದೋಣಿಯಲ್ಲಿ ಆಚೆ ದಡದ ಊರಿಗೆ ಹೋಗಬೇಕಾಯಿತು. ನಾಳೆ ಬರುತ್ತೇನೆ ಎಂದು ಹೇಳಿ ಹೋದರು.

ಅಂದು ಪ್ರಮೋದಿನಿ ಹೇಳಿದ್ದು, ಸತ್ತು ಸಮಾಧಿಯಲ್ಲಿದ್ದ ಗೆಳೆಯನನ್ನು ಯೇಸುಸ್ವಾಮಿ ಹೆಸರು ಹಿಡಿದು ಕರೆದ ಕಥೆ. ಸತ್ತವನು ಎದ್ದು ನಡೆದು ಹೊರಗೆ ಬಂದ ಕಥೆ. ಅವಳಿಗೆ ಇಷ್ಟವಾದ ಕಥೆ ಅದು. ಎರಡೂ ತೋಳು ಚಾಚಿ, ಮಂದಿರದ ಹುಲ್ಲು ನಡುಗುವ ಹಾಗೆ ಕೂಗಿ ಹೇಳಿದಳು.

ಮೂಲ್ಕಿಯಲ್ಲಾದರೆ ಕಥೆಯ ಈ ಘಟ್ಟದಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ಯಾರೂ ಅಲುಗಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಕೇಳತೊಡಗಿದರು. ಅವನು ಸತ್ತು ಎಷ್ಟು ದಿನವಾಗಿತ್ತು? ಎದ್ದಮೇಲೆ ಅವನಿಗೆ ಹಸಿವಾಗಿತ್ತೇ? ಕತ್ತಲಲ್ಲಿದ್ದವನ ಕಣ್ಣಿಗೆ ಬಿಸಿಲು ಚುಚ್ಚಲಿಲ್ಲವೇ? ಪ್ರಮೋದಿನಿ ತೋಚಿದ ಹಾಗೆ ಉತ್ತರ ಕೊಟ್ಟಳು.

ಕೊನೆಗೆ ಎಸ್ನಾತಿ ತಾನೇ ಒಂದು ಪ್ರಶ್ನೆ ಕೇಳಿದಳು. "ಈಗಲೂ ಕರೆದರೆ ಬರ್ತಾರಾ?"

"ದೇವರಿಗೆ ಆಗದ್ದು ಯಾವುದೂ ಇಲ್ಲ" ಎಂದಳು ಪ್ರಮೋದಿನಿ. "ನಂಬಿ ಕೇಳಬೇಕು, ಅಷ್ಟೇ."

ಎಸ್ನಾತಿ ಅದನ್ನು ಊರಿನ ಮಾತಿನಲ್ಲಿ ಹೇಳಿದಳು. ಮಕ್ಕಳು ಸದ್ದಿಲ್ಲದೆ ಎದ್ದು ಹೋದರು.

ಮರುದಿನ ಪಾಠದ ಹೊತ್ತಿಗೆ ಮಂದಿರಕ್ಕೆ ಒಂದು ಮಗುವೂ ಬರಲಿಲ್ಲ. ಪ್ರಮೋದಿನಿ ಹೊರಗೆ ಬಂದು ನೋಡಿದಳು. ಬಲೆಗಳು ಒಣಗುತ್ತಿದ್ದವು. ದಡದಲ್ಲಿ ಆಡುವವರಿಲ್ಲ, ನೀರಿಗೆ ಧುಮುಕುವವರಿಲ್ಲ. ಊರಿನಲ್ಲಿ ಮಕ್ಕಳೇ ಹುಟ್ಟಿಲ್ಲವೇನೋ ಎಂಬಂತೆ ಎಲ್ಲ ಕಡೆ ಮೌನ.

ಮಧ್ಯಾಹ್ನ ತಿರುಗುವಾಗ ಎಸ್ನಾತಿ ಬಂದು ಬಾಗಿಲಲ್ಲಿ ನಿಂತಳು. ಒಗೆದ ಫ್ರಾಕು ಹಾಕಿಕೊಂಡಿದ್ದಳು.

"ಎಲ್ಲರೂ ಬಂದಿದ್ದಾರೆ ಟೀಚರ್. ನೀವೊಬ್ಬರು ಬರಬೇಕು" ಎಂದು ಅವಳ ಕೈ ಹಿಡಿದಳು. ಹುಡುಗಿಯ ಅಂಗೈ ತಣ್ಣಗಿತ್ತು. ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣಿತ್ತು.

ಊರ ಹೊರಗೆ ಒಂದು ದಟ್ಟ ತೋಪು ಇತ್ತು. ಸುತ್ತ ಎಲ್ಲ ಮರ ಕಡಿದಿದ್ದರೂ ಅದಕ್ಕೆ ಯಾರೂ ಕೊಡಲಿ ಹಾಕಿರಲಿಲ್ಲ. ಯಾಕೆಂದು ಪ್ರಮೋದಿನಿ ಎಂದೂ ಕೇಳಿರಲಿಲ್ಲ. ಒಳಗೆ ಕಾಲಿಟ್ಟ ಮೇಲೆ ತಿಳಿಯಿತು. ಅದು ಆ ಊರಿನ ಸ್ಮಶಾನ.

ಒಳಗೆ ಹಗಲೂ ಮಬ್ಬಾಗಿತ್ತು. ಹಕ್ಕಿಯ ಸದ್ದೂ ಇರಲಿಲ್ಲ. ಒಂದು ಪುಟ್ಟ ಹೊಸ ಗುಡ್ಡೆಯ ಸುತ್ತ ಅವಳ ತರಗತಿಯ ಮಕ್ಕಳೆಲ್ಲ ಕೂತಿದ್ದರು. ಗುಡ್ಡೆಯ ಮೇಲಿನ ಕಲ್ಲುಗಳನ್ನು ತೆಗೆದು ಪಕ್ಕದಲ್ಲಿ ಒಟ್ಟಿದ್ದರು. ಮಡಿಸಿಟ್ಟ ಒಂದು ಸಣ್ಣ ಫ್ರಾಕು. ತಟ್ಟೆಯಲ್ಲಿ ಮೆಕ್ಕೆಜೋಳದ ಮುದ್ದೆ. ಒಂದು ಲೋಟ ನೀರು.

ಮರಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಅವಳು ಗುಡ್ಡೆಯನ್ನು ನೋಡುತ್ತಿರಲಿಲ್ಲ. ಪ್ರಮೋದಿನಿಯನ್ನು ನೋಡುತ್ತಿದ್ದಳು.

"ನನ್ನ ಅಮ್ಮ" ಎಂದಳು ಎಸ್ನಾತಿ. ಆಮೇಲೆ ಗುಡ್ಡೆಯ ಕಡೆ ಕೈ ತೋರಿಸಿದಳು. "ನನ್ನ ತಂಗಿ, ಚಿಸೋಮೊ. ನೀವು ಬರೋದಕ್ಕೆ ಸ್ವಲ್ಪ ಮುಂಚೆ ಜ್ವರ ಬಂದು ಹೋದಳು. ಬೆಳಿಗ್ಗೆಯಿಂದ ಕರೀತಾ ಇದ್ದೇವೆ. ನಮಗೆ ನಿಮ್ಮ ಹಾಗೆ ಕರೆಯೋಕೆ ಬರಲ್ಲ."

ಪ್ರಮೋದಿನಿ ಗುಡ್ಡೆಯತ್ತ ನೋಡಿದಳು.

"ಮುಖದ ಕಡೆ ಮಣ್ಣು ಸ್ವಲ್ಪ ತೆಗೆದಿದ್ದೇವೆ" ಎಂದಳು ಎಸ್ನಾತಿ. "ಅವಳು ಚಿಕ್ಕವಳು. ಅಷ್ಟೊಂದು ಭಾರ ಎತ್ತಲಾರಳು."

ಅದು ಬರೀ ಕಥೆ ಎಂದು ಹೇಳಿಬಿಡೋಣವೆನ್ನಿಸಿತು ಪ್ರಮೋದಿನಿಗೆ. ಓಡಿಹೋಗೋಣವೆನ್ನಿಸಿತು. ಆದರೆ ಆ ತಾಯಿಯ ಕಣ್ಣು ಅವಳನ್ನು ಬಿಡಲಿಲ್ಲ.

ಅವಳು ಕರೆದಳು. "ಚಿಸೋಮೊ."

ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. ಮಕ್ಕಳು ಉಸಿರು ಬಿಗಿ ಹಿಡಿದರು. ಒಂದು ಎಲೆಯೂ ಅಲುಗಲಿಲ್ಲ.

ಆಗ ಎಲ್ಲರಿಗಿಂತ ಚಿಕ್ಕ ಮಗುವೊಂದು ಗುಡ್ಡೆಯ ಮೇಲೆ ಮಲಗಿ ಮಣ್ಣಿಗೆ ಕಿವಿಯಿಟ್ಟಿತು. ಏನೋ ಹೇಳಿತು. ಉಳಿದ ಮಕ್ಕಳೂ ಒಬ್ಬರ ಪಕ್ಕ ಒಬ್ಬರು ಬಾಗಿ ಕಿವಿಯಿಟ್ಟರು.

"ಏನಂತೆ?" ಎಂದಳು ಪ್ರಮೋದಿನಿ.

"ಉಸಿರಾಡ್ತಾ ಇದ್ದಾಳಂತೆ."

ಪ್ರಮೋದಿನಿ ಮಂಡಿಯೂರಿ ತಾನೂ ಕಿವಿಯಿಟ್ಟಳು. ಮರುಗಳಿಗೆಯೇ ಬೆಂಕಿ ತಾಗಿದವಳಂತೆ ತಲೆ ಎತ್ತಿದಳು.

ಅವಳ ಮುಖ ಕಂಡದ್ದೇ ತಾಯಿ ಮರದಿಂದ ಬೆನ್ನು ತೆಗೆದಳು. ತೆವಳುತ್ತ ಬಂದು ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಮಕ್ಕಳೂ ಬಗೆಯತೊಡಗಿದರು. ಹುಡಿ ಮಣ್ಣಿನಡಿಯ ಹಸಿ ಮಣ್ಣು ಮೇಲೆ ಬಂತು. ಅದರ ವಾಸನೆ ಮೇಲೆದ್ದಿತು. ಸಾಕು, ಬೇಡ ಎಂದು ಪ್ರಮೋದಿನಿ ತನ್ನ ಭಾಷೆಯಲ್ಲೇ ಬೇಡಿಕೊಂಡಳು. ಅದು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅಯ್ಯನವರು ಬಂದರು. ದೋಣಿ ಇಳಿದಾಗ ಅವರಿಗೆ ಊರಿನಲ್ಲಿ ಒಂದು ಮಗುವೂ ಕಂಡಿರಲಿಲ್ಲ. ಯಾರನ್ನೂ ಕೇಳದೆ ಅವರು ನೇರ ತೋಪಿಗೆ ಬಂದಿದ್ದರು.

ಅವರು ಯಾರನ್ನೂ ಗದರಲಿಲ್ಲ. ಪ್ರಮೋದಿನಿಯನ್ನು ತಿರುಗಿಯೂ ನೋಡಲಿಲ್ಲ. ತಾಯಿಯ ಎದುರಿಗೆ ಮಣ್ಣಿನಲ್ಲೇ ಕೂತು, ಅವಳ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಆಮೇಲೆ ಅಳತೊಡಗಿದರು.

ಆ ಊರಿನ ಹೆಂಗಸರು ಸಾವಿನ ಮನೆಯಲ್ಲಿ ಅಳುವ ಹಾಗೆ ಬಾಯಿಬಿಟ್ಟು, ಹೊಟ್ಟೆಯೊಳಗಿಂದ ಅತ್ತರು. ತೋಪು ತುಂಬ ಅದೇ ದನಿಯಾಯಿತು. ಬಿಳಿಗಡ್ಡದ ಮುದುಕ ಹೀಗೆ ಅಳುವುದನ್ನು ಪ್ರಮೋದಿನಿ ಎಂದೂ ಕಂಡಿರಲಿಲ್ಲ.

ತಾಯಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ಅವಳೂ ಬಾಯಿಬಿಟ್ಟಳು. ಮಗಳು ಸತ್ತಂದಿನಿಂದ ಅವಳು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಗೊತ್ತಾಯಿತು. ಎಸ್ನಾತಿ ಹೋಗಿ ಅಮ್ಮನ ಮಡಿಲಲ್ಲಿ ಬಿದ್ದಳು. ಮಕ್ಕಳೆಲ್ಲ ಅತ್ತರು.

ಅಳು ನಿಂತ ಮೇಲೆ ಎಲ್ಲರೂ ಸೇರಿ ಮಣ್ಣು ಮುಚ್ಚಿ, ಕಲ್ಲುಗಳನ್ನು ಮೊದಲಿನ ಹಾಗೆ ಇಟ್ಟರು. ಅಯ್ಯನವರು ತಟ್ಟೆಯ ಮುದ್ದೆಯನ್ನು ಮುರಿದು ಪ್ರತಿ ಮಗುವಿಗೂ ಒಂದೊಂದು ತುತ್ತು ಕೊಟ್ಟರು. ಕೊನೆಯ ತುತ್ತನ್ನು ಪ್ರಮೋದಿನಿಯ ಕೈಗಿಟ್ಟರು. ಅವಳು ಅದನ್ನು ನುಂಗಿದಳು.

ಆ ಸಂಜೆ ಅವಳು, ನಾಳೆಯೇ ಊರಿಗೆ ಹೋಗಿಬಿಡುತ್ತೇನೆ ಎಂದಳು.

"ಹೋಗು" ಎಂದರು ಅಯ್ಯನವರು. "ಹೋಗುವ ಮುಂಚೆ ಒಂದು ಹೇಳು. ಸ್ವಾಮಿ ಆ ಸಮಾಧಿಯ ಹತ್ತಿರ ಬಂದರಲ್ಲ, ಗೆಳೆಯನನ್ನು ಕರೆಯೋದಕ್ಕೆ ಮುಂಚೆ ಏನು ಮಾಡಿದರು?"

ಪ್ರಮೋದಿನಿ ನೆನಪಿಸಿಕೊಂಡಳು. "ಅತ್ತರು."

"ಮಕ್ಕಳಿಗೆ ಅದನ್ನು ಹೇಳಿದೆಯಾ?"

"ಇಲ್ಲ. ಕಥೆಯ ಓಟಕ್ಕೆ ಅಡ್ಡ ಅಂತ ಬಿಟ್ಟೆ."

ಮರುದಿನ ಅವಳು ಊರಿಗೆ ಹೋಗಲಿಲ್ಲ.

ಉಳಿದ ದಿನಗಳಲ್ಲಿ ಅವಳು ಒಂದೂ ಕಥೆ ಹೇಳಲಿಲ್ಲ. ಬೆಳಿಗ್ಗೆ ಮಕ್ಕಳಿಗೆ ಅಕ್ಷರ ತಿದ್ದಿಸುವಳು. ಆಮೇಲೆ ಎಸ್ನಾತಿಯ ಮನೆಗೆ ಹೋಗಿ ತಾಯಿಯ ಜೊತೆ ಜೋಳ ಕುಟ್ಟುವಳು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ತಾಯಿ ಕೆಲವೊಮ್ಮೆ ಒನಕೆ ನಿಲ್ಲಿಸಿ ಅಳುವಳು. ಪ್ರಮೋದಿನಿಯೂ ನಿಲ್ಲಿಸುವಳು.

ಹೊರಡುವ ದಿನ ಅಯ್ಯನವರು ದೋಣಿಯ ತನಕ ಬಂದರು. ನೀರು ಬೂದು ಬಣ್ಣಕ್ಕಿತ್ತು, ಅಲೆಯೇ ಇರಲಿಲ್ಲ. ಪ್ರಮೋದಿನಿ ದೋಣಿಗೆ ಕಾಲಿಟ್ಟವಳು ಮತ್ತೆ ಇಳಿದು ಅವರ ಹತ್ತಿರ ಬಂದಳು.

"ಅಯ್ಯನವರೇ, ಇದನ್ನು ಯಾರಿಗೂ ಹೇಳಿಲ್ಲ. ಅವತ್ತು ನಾನು ಮಣ್ಣಿಗೆ ಕಿವಿಯಿಟ್ಟೆ."

ಅಯ್ಯನವರು ಅವಳ ಕಡೆ ತಿರುಗಿದರು.

"ನನಗೂ ಕೇಳಿಸಿತು. ಮಕ್ಕಳಿಗೆ ಕೇಳಿಸಿದ್ದೇ."

ತೋಪಿದ್ದ ಕಡೆಗೆ ಒಮ್ಮೆ ನೋಡಿ, ಅಯ್ಯನವರು ಮೆಲ್ಲಗೆ ಅವಳ ತಲೆಯ ಮೇಲೆ ಕೈಯಿಟ್ಟರು.

"ಇಲ್ಲಿ ನಾನು ಹೂತ ಒಂದೊಂದು ಮಗುವಿನ ಉಸಿರೂ ನನಗೆ ಕೇಳಿಸಿದೆ, ಮಗಾ. ಅದಕ್ಕೇ ಅಷ್ಟು ಗಟ್ಟಿಯಾಗಿ ಅಳ್ತೇನೆ."